ಕಲ್ಲಚ್ಚಿನ ಪಟಗಳಲ್ಲಿ ಗೃಹಿಣಿ

ಅಚ್ಚಾದ ಚಿತ್ರಪಟವೊಂದನ್ನು ಗೋಡೆಗೆ ತೂಗಹಾಕದ ಮನೆಯು ನಮ್ಮಲ್ಲಿ ಅಪರೂಪವೇ. ಇಂತಹ ಅಗ್ಗದ ಪಟಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಮನೆಯನ್ನು ಹೊಕ್ಕಾಗ ಸ್ತ್ರೀಯರ ಗೃಹಜೀವನವನ್ನು ಹೇಗೆ ತೋರಿಸಿದುವು ಎಂಬದನ್ನು ಅಮೇರಿಕಾ ದೇಶದ ಒಂದು ಉದಾಹರಣೆಯಿಂದ ವಿಚಾರಿಸೋಣ.

ಬವೇರಿಯದ ಆಲೋಯ್ಸ್ ಸೆನೆಫೆಲ್ಡರನು 1798ರ ಸುಮಾರಿಗೆ ಕಂಡುಹಿಡಿದ ಕಲ್ಲಚ್ಚಿನ ವಿದ್ಯೆಯೇ ಇವುಗಳಿಗೆ ಮೂಲವು. ನಯಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ಬರೆದು, ಕಲ್ಲನ್ನು ತೋಯಿಸಿ ಮಸಿಯನ್ನು ಸವರಿದರೆ, ಜಿಡ್ಡಿರುವಲ್ಲಿ ಮಾತ್ರ ಮಸಿಯು ಹಿಡಿಯುತ್ತದೆ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವೂ 1843ರಲ್ಲಿ ಕಲ್ಲಚ್ಚಿನಿಂದಲೇ ಹೊರಟಿತೆಂಬದನ್ನು ವಾಚಕರಲ್ಲಿ ಅನೇಕರು ಬಲ್ಲರು.

ನ್ಯೂಯಾರ್ಕ್ ಪಟ್ಟಣದಲ್ಲಿ ನಥಾನಿಯೇಲ್ ಕರಿಯರನು 1830ರ ದಶಕದಲ್ಲಿ ಈ ವ್ಯಾಪಾರಕ್ಕೆ ತೊಡಗಿದನು. 1857ರಲ್ಲಿ ಜೇಮ್ಸ್ ಐವ್ಸನು ಅವನ ಪಾಲುಗಾರನಾದನು. 1907ರಲ್ಲಿ ಮುಚ್ಚುವ ತನಕ ಆ ಕಾರ್ಖಾನೆಯಿಂದ 7,000ಕ್ಕೂ ಮಿಕ್ಕಿ ಬೇರೆಬೇರೆ ಚಿತ್ರಗಳು ಹೊರಟುವು. ಚಿಕ್ಕ ಪಟವೊಂದರ ಬೆಲೆಯು 20 ಸೆಂಟಿನ ಆಸುಪಾಸು, ಬಡವನೂ ಕೊಳ್ಳಬಹುದಾಗಿತ್ತು.

ಅವುಗಳಲ್ಲಿ ಗೃಹಿಣಿಯು ಹೇಗಿದ್ದಾಳೆ? 1868ರಲ್ಲಿ ಹೊರಟ ‘ಜೀವಿತದ ನಾಲ್ಕು ಋತುಗಳು’ ಎಂಬ ಪಟಮಾಲೆಯಲ್ಲಿ ಬಾಲ್ಯವು ಸಂತೋಷದ ಋತು, ಯೌವನವು ಪ್ರೀತಿಯ ಋತು, ನಡುವಯಸ್ಸು ಬಲದ ಋತು, ಮುಪ್ಪು ವಿಶ್ರಾಂತಿಯ ಋತು. ಬಲದ ಋತುವಿನ ಪಟದಲ್ಲಿ ಮನೆಗೆ ಬರುವ ಗಂಡನನ್ನು ಹೆಂಡತಿಯೂ ಮಕ್ಕಳೂ ಎದುರುಗೊಳ್ಳುತ್ತಾರೆ. ಆಕೆಯ ಉಡುಪಿನಲ್ಲಿ ಕಲೆಯಿಲ್ಲ, ಮುಖದಲ್ಲಿ ಬಳಲಿಕೆಯಿಲ್ಲ. ಆ ದಿನ ಅಡಿಗೆಯನ್ನು ಬೇಯಿಸಿದವರಾರು, ಬಟ್ಟೆಯನ್ನು ಒಗೆದವರಾರು ಎಂದು ಪಟವು ಹೇಳುವದಿಲ್ಲ. (ಮನೆವಾರ್ತೆಯನ್ನು ನಡಿಸುವ ತಾಯಂದಿರು ಇದನ್ನು ನೋಡಿ ನಗದೆ ಇರಲಾರರು.) ಹೊಸ್ತಿಲನ್ನು ದಾಟಿದ ಹೆಂಗಸಿಗಾದರೋ ಪರಿಹಾಸ್ಯವೇ ಗತಿ. 1869ರ ‘ಹಿತ್ತಾಳೆಯ ಯುಗ’ ಎಂಬ ಪಟದಲ್ಲಿ ಸ್ತ್ರೀಯರು ಮತ ಕೊಡಲು ನೆರೆದಿದ್ದಾರೆ. ಗಂಡಸೊಬ್ಬನು ಕೂಸನ್ನೆತ್ತಿಕೊಂಡು ಪೆಚ್ಚಾಗಿ ನಿಂತಿದ್ದಾನೆ. ಅಮೇರಿಕಾದ ಸಂವಿಧಾನವು ಸ್ತ್ರೀಯರ ಮತದ ಹಕ್ಕನ್ನು ಒಪ್ಪಿದ್ದು 1920ರಲ್ಲಿ.

ಆದರೆ ಪಟಗಳನ್ನು ಬಿಟ್ಟು ಅವು ಸಿದ್ಧವಾದ ಸ್ಥಳವನ್ನು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅಚ್ಚಿನಿಂದ ಬರುತ್ತಿದ್ದದ್ದು ಕಪ್ಪು ಗೆರೆ ಮಾತ್ರ. ಬಣ್ಣವನ್ನು ಕೈಯಿಂದ ಹಚ್ಚಬೇಕಾಗಿತ್ತು. ಈ ಕೆಲಸವನ್ನು ಮಾಡಿದವರು ಕೂಲಿಗೆ ಬಂದ ಯುವತಿಯರು. ಉದ್ದವಾದ ಮೇಜಿನ ನಡುವೆ ಮಾದರಿಯ ಪಟವನ್ನಿಟ್ಟು, ಒಬ್ಬಳು ಒಂದೇ ಬಣ್ಣವನ್ನು ಹಚ್ಚಿ ಪಕ್ಕದವಳಿಗೆ ದಾಟಿಸುತ್ತಿದ್ದಳು. ವಿಶ್ರಾಂತಿಯ ಋತುವಿಗೂ ಹೀಗೆಯೇ ಬಣ್ಣವೇರಿತು.

ಚಿತ್ರ ಬರೆದವರಲ್ಲಿಯೂ ಮುಖ್ಯಳಾದವಳು ಒಬ್ಬ ಸ್ತ್ರೀ. ಫ್ಯಾನಿ ಪಾಮರಳು 1812ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಹುಟ್ಟಿ, ಸೂಜಿಯ ಚಿತ್ರಕಲೆಗೆ ಹೆಸರಾದ ಮೇರಿ ಲಿನ್‌ವುಡ್ ನಡಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತಳು. 1840ರ ದಶಕದಲ್ಲಿ ಕುಟುಂಬದೊಡನೆ ನ್ಯೂಯಾರ್ಕಿಗೆ ಬಂದು, ಗಂಡನೊಡನೆ ಸ್ವಂತ ಕಲ್ಲಚ್ಚುಕೂಟವನ್ನು ತೆರೆದಳು, ಅದು ನಿಲ್ಲಲಿಲ್ಲ. ಗಂಡನ ಸಂಪಾದನೆಯನ್ನು ನಂಬುವಂತಿರಲಿಲ್ಲವಾದ್ದರಿಂದ ಕರಿಯರನಲ್ಲಿ ದುಡಿದು ಸಂಸಾರವನ್ನು ಆಕೆಯೇ ಸಾಕಿದಳು. 1855ರ ‘ಅಮೇರಿಕಾದ ಗ್ರಾಮಜೀವನ’ ಮೊದಲಾದ ಸುಮಾರು 200 ಪಟಗಳು ಆಕೆಯವು. ನೆಮ್ಮದಿಯ ಹಳ್ಳಿಮನೆಗಳನ್ನು ಅಷ್ಟು ಚೆಲುವಾಗಿ ಬರೆದ ಕೈಯು ಮನೆಯ ಖರ್ಚಿಗಾಗಿಯೇ ಬರೆಯುತ್ತಿತ್ತು. ಆಕೆ 1876ರಲ್ಲಿ ತೀರಿಕೊಂಡಳು.

ಆಕೆಯ ಪಟಗಳ ಅಡಿಯಲ್ಲಿ ಅನೇಕವೇಳೆ ‘ಎಫ್. ಎಫ್. ಪಾಮರ್’ ಎಂದಿಷ್ಟೇ ಇರುತ್ತದೆ. ಕೊಂಡವರಿಗೆ ಇದು ಹೆಣ್ಣಿನ ಕೈಯೆಂದು ತಿಳಿಯುವ ಬಗೆಯಿರಲಿಲ್ಲ. ಬಣ್ಣ ಹಚ್ಚಿದವರ ಹೆಸರಂತೂ ಅಷ್ಟೂ ಇಲ್ಲ.