ಮೊಣಕೈ ನೋವಿಗೆ ಇನ್ನೊಂದು ಇಂಜೆಕ್ಷನ್ ಬೇಕೇ?

ಪುಣೆ ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ವಯಸ್ಸು 46. ಮೂರು ತಿಂಗಳಿಂದ ಬಲ ಮೊಣಕೈಯ ಹೊರಬದಿ ನೋವು. ಹಾಲಿನ ಪಾತ್ರೆ ಎತ್ತಲಾರೆ, ಬಟ್ಟೆ ಹಿಂಡಲಾರೆ. ಡಾಕ್ಟರು ‘ಟೆನಿಸ್ ಎಲ್ಬೋ’ ಅಂದರು. ನಾನು ಟೆನಿಸ್ ಬ್ಯಾಟು ಮುಟ್ಟಿದವಳೇ ಅಲ್ಲ!
– ಗೃಹಿಣಿ, ಕೋಥರೂಡ್

ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ, ಹೆದರಬೇಡಿ. 1883ರ ಸುಮಾರಿಗೆ ಇಂಗ್ಲೆಂಡಿನ ಲಾನ್ ಟೆನಿಸ್ ಆಟಗಾರರಿಂದಾಗಿ ಈ ಹೆಸರು ಬಂತು. ಆದರೆ ಇದರಿಂದ ನರಳುವವರಲ್ಲಿ ಹೆಚ್ಚಿನವರು ಟೆನಿಸ್ ಆಡಿದವರಲ್ಲ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಮೊಣಕೈಯ ಹೊರಗಿನ ಎಲುಬಿನ ಗುಬುಟಿನಿಂದ ಹೊರಡುತ್ತವೆ. ಏನನ್ನೇ ಬಿಗಿಯಾಗಿ ಹಿಡಿದರೂ ಎಳೆತ ಬೀಳುವುದು ಅಲ್ಲಿಗೇ. ಪಾತ್ರೆಯನ್ನು ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ, ಎರಡೂ ಕೈಯಿಂದ ಎತ್ತಿ. ಕೆಲವು ವಾರ ಬಟ್ಟೆ ಹಿಂಡುವುದನ್ನು ಮನೆಯ ಬೇರೆಯವರು ಮಾಡಲಿ. ಜೊತೆಗೆ ಒಮ್ಮೆ ಸಕ್ಕರೆ ಪರೀಕ್ಷೆ, ಅಂದರೆ ಎಚ್‌ಬಿಎ1ಸಿ, ಮಾಡಿಸಿಬಿಡಿ. ಮಧುಮೇಹ ಇದ್ದವರಲ್ಲಿ ಸ್ನಾಯುರಜ್ಜು ತಡವಾಗಿ ಮಾಗುತ್ತದೆ.

ಪ್ರಶ್ನೆ: ಭೋಸರಿಯಲ್ಲಿ ಫಿಟ್ಟರ್, ವಯಸ್ಸು 41. ಕಳೆದ ವರ್ಷ ಟೆನಿಸ್ ಎಲ್ಬೋಗೆ ಇಂಜೆಕ್ಷನ್ ಹಾಕಿಸಿದಾಗ ಕೆಲವೇ ದಿನದಲ್ಲಿ ನೋವು ಮಾಯವಾಯಿತು. ಈಗ ಮತ್ತೆ ಬಂದಿದೆ. ಇನ್ನೊಂದು ಹಾಕಿಸಲೇ? ಎಲುಬು ಕೂರಿಸುವ ಹಾಡವೈದ್ಯರ ಬಳಿ ಎಳೆಸಲೇ?

ಎರಡೂ ಬೇಡ. ಮೊಣಕೈಯಲ್ಲಿ ಎಲುಬು ಜಾರಿಲ್ಲ, ನರ ಹೊರಳಿಲ್ಲ. ಎಳೆಸುವುದಕ್ಕೆ ಅಲ್ಲೇನೂ ಇಲ್ಲ. ಸವೆದ ರಜ್ಜುವನ್ನು ಎಳೆದರೆ ಇನ್ನಷ್ಟು ಹರಿದೀತು.

‘ಒಂದು ಸೂಜಿ ಚುಚ್ಚಿ, ನಾಳೆ ಡ್ಯೂಟಿಗೆ ಹೋಗಬೇಕು’ ಎಂಬ ಹಟ ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಆ ಸೂಜಿಯಲ್ಲಿರುವ ಸ್ಟೆರಾಯ್ಡ್ ನೋವನ್ನು ಅಡಗಿಸುತ್ತದೆ, ರಜ್ಜುವನ್ನು ಕಟ್ಟಿಕೊಡುವುದಿಲ್ಲ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಆರು ವಾರಕ್ಕೆ ಇಂಜೆಕ್ಷನ್ ಪಡೆದವರೇ ಮುಂದಿದ್ದರು. ವರ್ಷ ಕಳೆಯುವಷ್ಟರಲ್ಲಿ ಫಿಸಿಯೋಥೆರಪಿ ಮಾಡಿಸಿಕೊಂಡವರಿರಲಿ, ಸುಮ್ಮನೆ ಕಾದವರೂ ಅವರಿಗಿಂತ ಚೆನ್ನಾಗಿದ್ದರು. ಸಕ್ಕರೆ ಕಾಯಿಲೆ ಇದ್ದರೆ ಇಂಜೆಕ್ಷನ್ನಿನಿಂದ ಕೆಲವು ದಿನ ಸಕ್ಕರೆಯೂ ಏರುತ್ತದೆ. ನೀವು ಪರೀಕ್ಷೆ ಮಾಡಿಸಿದ್ದೀರೋ ಇಲ್ಲವೋ ಬರೆದೇ ಇಲ್ಲ, ಮೊದಲು ಮಾಡಿಸಿ.

ಈಗ ಮಾಡಬೇಕಾದದ್ದು: ಮುಂಗೈಯನ್ನು ಮೇಜಿನ ಮೇಲಿಟ್ಟು, ಹಸ್ತ ಮಾತ್ರ ಅಂಚಿನಾಚೆ ಇರಲಿ, ಅಂಗೈ ಕೆಳಮುಖವಾಗಿರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯ ಆಸರೆಯಿಂದ ಹಸ್ತವನ್ನು ಮೇಲೆತ್ತಿ, ಆಸರೆ ಬಿಟ್ಟು, ಐದು ಎಣಿಸುತ್ತ ನಿಧಾನವಾಗಿ ಇಳಿಸಿ. ಹತ್ತರಿಂದ ಹದಿನೈದು ಸಲ, ದಿನಕ್ಕೆ ಮೂರು ಸುತ್ತು. ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನವೂ ಉಳಿದರೆ ಭಾರ ಕಡಿಮೆ ಮಾಡಿ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಬೆಲ್ಟ್ ಹಾಕುವುದಾದರೆ ನೋವಿನ ಜಾಗದ ಮೇಲಲ್ಲ, ಅದಕ್ಕಿಂತ ಎರಡು ಬೆರಳು ಕೆಳಗೆ. ಪಾನಾ (ಸ್ಪ್ಯಾನರ್) ತಿರುಗಿಸುವಾಗ ಮೊಣಕೈ ಮೈಗೆ ಹತ್ತಿರವಿರಲಿ, ಹಿಡಿಕೆ ದಪ್ಪವಿರಲಿ.

ಕ್ರಿಕೆಟಿಗ ಸಚಿನ್ ತೆಂಡೂಲ್ಕರ್ ಟೆನಿಸ್ ಎಲ್ಬೋಗೆ 2005ರಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು ನಿಜ. ಆಮೇಲೂ ತಿಂಗಳುಗಟ್ಟಲೆ ಆಟದಿಂದ ದೂರ ಉಳಿದರು. ಶಸ್ತ್ರಚಿಕಿತ್ಸೆ ಬೇಕಾಗುವುದು ಬಹಳ ಕಡಿಮೆ ಜನರಿಗೆ.

ಪ್ರಶ್ನೆ: ಸಂಜೆ ಬ್ಯಾಡ್ಮಿಂಟನ್ ಆಡುತ್ತೇನೆ. ಟೆನಿಸ್ ಎಲ್ಬೋ ನೋವಿಗೆ ಆಟ ಬಿಡಬೇಕೇ?
– ಔಂಧ್

ಬ್ಯಾಡ್ಮಿಂಟನ್ನಿಗೆ ಒಂದು ಕಾಲದಲ್ಲಿ ‘ಪೂನಾ’ ಎಂದೇ ಹೆಸರಿತ್ತು. ಈ ಊರಿನಲ್ಲಿದ್ದುಕೊಂಡು ಅದನ್ನು ಬಿಡಿ ಎಂದು ನಾನೇಕೆ ಹೇಳಲಿ? ಕೆಲವು ವಾರ ವಿರಾಮ ಕೊಡಿ, ಮೇಲಿನ ವ್ಯಾಯಾಮ ಮಾಡಿ. ರ‍್ಯಾಕೆಟ್ಟಿನ ತಂತಿ ಸ್ವಲ್ಪ ಸಡಿಲವಿರಲಿ, ಹಿಡಿತವೂ ಸಡಿಲವಿರಲಿ.

ಪ್ರಶ್ನೆ: ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ. ಮೊಣಕೈಯ ಒಳಬದಿ ನೋವು, ಕಿರುಬೆರಳು ಮತ್ತು ಉಂಗುರ ಬೆರಳಿಗೆ ಜೋಮು. ಟೆನಿಸ್ ಎಲ್ಬೋ ಬೆಲ್ಟ್ ತರಿಸಿ ಹಾಕಿಕೊಂಡಿದ್ದೇನೆ.

ಬೆಲ್ಟ್ ಈಗಲೇ ಬಿಚ್ಚಿ. ಇದು ಟೆನಿಸ್ ಎಲ್ಬೋ ಅಲ್ಲ. ಮೊಣಕೈಯ ಹಿಂದೆ ಹಾಯುವ ಅಲ್ನರ್ ನರ ಒತ್ತಿಕೊಂಡಿರುವ ಲಕ್ಷಣ. ಮೊಣಕೈಯನ್ನು ಮೇಜಿನ ಅಂಚಿಗೆ ಊರಬೇಡಿ, ಬಹಳ ಹೊತ್ತು ಮಡಚಿಟ್ಟು ಫೋನು ಹಿಡಿಯಬೇಡಿ. ಇದೇ ವಾರ ವೈದ್ಯರನ್ನು ಕಂಡು ನರವಾಹಕ ಪರೀಕ್ಷೆ, ಅಂದರೆ ಎನ್‌ಸಿವಿ, ಮಾಡಿಸಿ. ಇಂಥ ಜೋಮು ಕತ್ತಿನ ನರದಿಂದಲೂ ಬರಬಹುದು, ಹಾಗಾಗಿ ಕತ್ತಿನ ಎಕ್ಸ್‌ರೇ ಕೂಡ ತೆಗೆಸಿ. ತಡವಾದರೆ ಅಂಗೈಯ ಸಣ್ಣ ಸ್ನಾಯುಗಳು ಬತ್ತುತ್ತವೆ, ಹೋದ ಬಲ ಪೂರ್ತಿ ಮರಳುವುದಿಲ್ಲ.

ಎಲ್ಲ ಓದುಗರಲ್ಲೂ ಒಂದು ವಿನಂತಿ: ಮೊಣಕೈ ನೋವಿನ ಜೊತೆ ಜೋಮು, ಬಾವು, ಜ್ವರ ಇದ್ದರೆ ಅಥವಾ ಬಿದ್ದ ಮೇಲೆ ನೋವು ಶುರುವಾಗಿದ್ದರೆ ಪತ್ರ ಬರೆದು ಕಾಯಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ.