ಕ್ಯಾಜುವಾಲ್ಟಿ ಡ್ಯೂಟಿಗೆ ಹೊರಟವಳಿಗೆ ದೊಡ್ಡಪ್ಪನ ಕಿವಿಮಾತು

ಸೋಮವಾರದಿಂದ ನಿನಗೆ ರಾತ್ರಿ ಡ್ಯೂಟಿಯಂತೆ. ಪುಸ್ತಕ ನೀನು ನನಗಿಂತ ಚೆನ್ನಾಗಿ ಓದಿದ್ದೀಯ. ರೇಡಿಯಾಲಜಿಯಲ್ಲಿ ಫಿಲ್ಮ್ ನೋಡುತ್ತಲೇ ತಲೆ ನರೆತವನು ಹೇಳುವುದು ಇಷ್ಟು, ಮಗಳೇ.

• ಚೀಟಿಯಲ್ಲಿ ಬರೀ ‘ಸಿಟಿ ಬ್ರೈನ್’ ಎಂದು ಗೀಚಿ ಕಳಿಸಬೇಡ. ‘ಬೈಕಿನಿಂದ ಬಿದ್ದದ್ದು, ಎರಡು ಸಲ ವಾಂತಿ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾರೆ’ ಎಂದು ಬರೆ. ಏನು ಹುಡುಕಬೇಕೆಂದು ಗೊತ್ತಿದ್ದರೆ ನಮ್ಮ ಕಣ್ಣೂ ಚುರುಕಾಗುತ್ತದೆ. ಬಚ್ಚಲಲ್ಲಿ ಜಾರಿದ ಅಜ್ಜಿ ‘ಏನೂ ಆಗಿಲ್ಲ ಬಿಡವ್ವ’ ಅಂದರೂ, ಆ ಮಾತ್ರೆಯ ವಿಷಯ ಕೇಳದೆ ಮನೆಗೆ ಕಳಿಸಬೇಡ.

• ಪೆಟ್ಟು ಬಿದ್ದು ಬಿಪಿ ನಿಲ್ಲದವರನ್ನು ಸಿಟಿ ರೂಮಿಗೆ ತಳ್ಳಿಕೊಂಡು ಹೋಗಬೇಡ. ಅಲ್ಟ್ರಾಸೌಂಡ್ ಮೆಷಿನ್ನನ್ನೇ ಹಾಸಿಗೆ ಪಕ್ಕಕ್ಕೆ ತರಿಸಿ, ಒಳಗೆ ರಕ್ತ ಸೋರಿದೆಯೇ ಎಂದು ನೋಡುವ ಫಾಸ್ಟ್ ಸ್ಕ್ಯಾನ್ ಮಾಡು. ಲಿವರ್ ಮತ್ತು ಬಲ ಕಿಡ್ನಿಯ ಸಂದು, ಸ್ಪ್ಲೀನಿನ ಸುತ್ತ, ಕಿಬ್ಬೊಟ್ಟೆ, ಹೃದಯದ ಸುತ್ತ ಎಲ್ಲಾದರೂ ಕಪ್ಪು ಪಟ್ಟಿ ಕಂಡರೆ ರಕ್ತವೆಂದೇ ತಿಳಿ. ಕಾಣಲಿಲ್ಲವೆಂದು ನಿರಾಳವಾಗಬೇಡ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡು. ಉಸಿರು ಕಟ್ಟಿ, ಬಿಪಿ ಬಿದ್ದು, ಎದೆಯ ಒಂದು ಕಡೆ ಗಾಳಿಯೇ ಆಡುತ್ತಿಲ್ಲವಾದರೆ ಯಾವ ಚಿತ್ರಕ್ಕೂ ಕಾಯಬೇಡ, ಸೂಜಿ ಹಾಕಿ ಗಾಳಿ ಬಿಡಿಸು.

• ಮಗು ನಾಣ್ಯ ನುಂಗಿತು ಎಂದು ತಾಯಿ ಓಡಿ ಬರುತ್ತಾಳೆ. ಎಕ್ಸ್‌ರೇಯಲ್ಲಿ ದುಂಡಗಿನದೊಂದು ಬೆಳ್ಳಗೆ ಕಾಣುತ್ತದೆ. ಅಲ್ಲಿಗೇ ನಿಲ್ಲಬೇಡ, ಚಿತ್ರ ದೊಡ್ಡದು ಮಾಡಿ ಅಂಚು ನೋಡು. ಅಂಚಿನ ಒಳಗೆ ಇನ್ನೊಂದು ಉಂಗುರ, ಪಕ್ಕದಿಂದ ತೆಗೆದ ಚಿತ್ರದಲ್ಲಿ ಸಣ್ಣ ಮೆಟ್ಟಿಲು ಕಂಡರೆ ಅದು ಬಟನ್ ಬ್ಯಾಟರಿ. ಅನ್ನನಾಳದಲ್ಲಿ ಸಿಕ್ಕಿಕೊಂಡ ಬ್ಯಾಟರಿ ಒಡೆದು ಸೋರಬೇಕೆಂದೇನಿಲ್ಲ. ಒದ್ದೆ ಗೋಡೆಯ ಮೂಲಕ ಕರೆಂಟು ಹರಿದು ಕ್ಷಾರ ಹುಟ್ಟಿ, 2 ಗಂಟೆಯೊಳಗೇ ಸುಡಬಹುದು. ಎಂಡೋಸ್ಕೋಪಿಯವರನ್ನು ನಡುರಾತ್ರಿ ಎಬ್ಬಿಸು. ಬೈದರೆ ಬೈಸಿಕೋ.

• ಮೂಳೆಗೆ ಎರಡು ಕೋನದ ಚಿತ್ರ, ಮೇಲಿನ ಕೀಲು ಕೆಳಗಿನ ಕೀಲು ಸೇರಿಸಿ. ಒಂದು ಮುರಿತ ಸಿಕ್ಕ ಕೂಡಲೇ ಕಣ್ಣು ಸೋಮಾರಿಯಾಗುತ್ತದೆ, ಎರಡನೆಯದು ತಪ್ಪಿಹೋಗುವುದು ಆಗಲೇ. ಹೆಬ್ಬೆರಳ ಬುಡದ ಗುಳಿ ಒತ್ತಿದರೆ ನೋವಿದ್ದು ಚಿತ್ರ ಚೊಕ್ಕವಾಗಿದ್ದರೆ ಮಣಿಕಟ್ಟಿನ ಸ್ಕೇಫಾಯ್ಡ್ ಮೂಳೆ ಮುರಿದಿದೆ ಎಂದೇ ಭಾವಿಸಿ ಪ್ಲಾಸ್ಟರ್ ಸ್ಲ್ಯಾಬ್ ಹಾಕು, 10–14 ದಿನಕ್ಕೆ ಮತ್ತೆ ಕರೆಸು. ಫಿಟ್ಸ್ ಬಂದವರ, ಕರೆಂಟು ಹೊಡೆದವರ ಭುಜ ಹಿಂದಕ್ಕೆ ಜಾರಿರಬಹುದು. ಎದುರಿನಿಂದ ತೆಗೆದ ಚಿತ್ರ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

• ಎದೆಯ ಎಕ್ಸ್‌ರೇಗೆ ಕರಿಮಣಿ ಸರ ತೆಗೆಯಿರಿ ಎಂದರೆ ಅತ್ತೆ ಮುಖ ನೋಡುವ ಹೆಂಗಸರು ಇನ್ನೂ ಇದ್ದಾರೆ. ಜಗಳ ಬೇಡ, ಸರವನ್ನು ಮೇಲೆತ್ತಿ ಬಾಯಲ್ಲಿ ಕಚ್ಚಿಕೊಳ್ಳಲು ಹೇಳು. ಜಡೆಯನ್ನೂ ಎತ್ತಿ ಕಟ್ಟಿಸು, ಶ್ವಾಸಕೋಶದ ತುದಿಯ ಮೇಲೆ ಅದರ ನೆರಳು ಬಿದ್ದರೆ ಇಲ್ಲದ ರೋಗ ಕಾಣುತ್ತದೆ.

• ಮುಟ್ಟು ಯಾವಾಗ ಆಯಿತು ಎಂದು ಕೇಳುವಾಗ ಜೊತೆಗೆ ಬಂದವರನ್ನು ಹೊರಗೆ ಕಳಿಸು. ಗರ್ಭಿಣಿಗೆ ಅಲ್ಟ್ರಾಸೌಂಡ್ ಮಾಡಿದರೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಫಾರಂ ಎಫ್ ತುಂಬಲು ಮರೆಯಬೇಡ. ಆದರೆ ತಲೆಗೆ ಪೆಟ್ಟು ಬಿದ್ದ ಬಸುರಿಗೆ ವಿಕಿರಣದ ಹೆದರಿಕೆಯಿಂದ ಸಿಟಿ ತಪ್ಪಿಸುವುದು ತಪ್ಪು. ಹೊಟ್ಟೆಯವರೆಗೆ ತಲುಪುವುದು ತೀರಾ ಅಲ್ಪ.

• ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದವರ ಸಿಟಿ ಮೊದಮೊದಲು ನಾರ್ಮಲ್ ಇರಬಹುದು. ರಕ್ತಸ್ರಾವ ಇಲ್ಲವೆಂದಷ್ಟೇ ಅದು ಹೇಳುತ್ತಿದೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು. ಕೊನೆಯ ಸಲ ಸರಿಯಿದ್ದದ್ದು ಎಷ್ಟು ಹೊತ್ತಿಗೆ ಎಂದು ಮನೆಯವರನ್ನು ಕೇಳಿ ಬರೆದುಕೋ.

• ಹೊಟ್ಟೆನೋವೆಂದು ಬಂದ ಹುಡುಗ ನಾಚಿಕೆಯಿಂದ ನಿಜವಾದ ಜಾಗ ಹೇಳದಿರಬಹುದು. ಬಟ್ಟೆ ಸರಿಸಿ ಪರೀಕ್ಷಿಸು. ವೃಷಣ ತಿರುಚಿಕೊಂಡಿದ್ದರೆ ಸುಮಾರು 6 ಗಂಟೆಯ ಲೆಕ್ಕ. ಡಾಪ್ಲರ್‌ಗೆಂದು ಬೆಳಗಿನವರೆಗೆ ಕೂರಿಸಬೇಡ, ಸರ್ಜನ್ನರಿಗೆ ಫೋನ್ ಮಾಡು.

• ಎಂಆರ್‌ಐ ಮ್ಯಾಗ್ನೆಟ್ಟಿಗೆ ರಾತ್ರಿಯೆಂಬುದಿಲ್ಲ, ಸ್ಕ್ಯಾನ್ ನಡೆಯದಿದ್ದರೂ ಎಳೆಯುತ್ತಲೇ ಇರುತ್ತದೆ. ಮಾಮೂಲಿ ಆಕ್ಸಿಜನ್ ಸಿಲಿಂಡರ್ ಬಾಗಿಲು ದಾಟಕೂಡದು. ವಾರ್ಡ್ ಬಾಯ್‌ಗೆ ನೀನೇ ಬಾಯಿಬಿಟ್ಟು ಹೇಳು.

• ನಿಮ್ಹಾನ್ಸ್‌ಗೋ ಇನ್ನೆಲ್ಲಿಗೋ ಕಳಿಸುವಾಗ ಸಿಡಿ, ಫಿಲ್ಮ್ ಎರಡನ್ನೂ ಜೊತೆಗೆ ಹೋಗುವ ಮನೆಯವರ ಕೈಗೇ ಕೊಡು. ಚಿತ್ರ ತೆಗೆದ ಹೊತ್ತನ್ನು ಕವರಿನ ಮೇಲೆ ದೊಡ್ಡದಾಗಿ ಬರೆ.