ಹೊಸ ಊರಿಗೆ ಬಂದಿದ್ದೀರಾ? ಒಂದು ಕಾಲುದಾರಿ ಹುಡುಕಿಕೊಳ್ಳಿ

ಬಯಲುಸೀಮೆಯಿಂದ ಮಲೆನಾಡಿಗೆ ವರ್ಗವಾಗಿ ಬರುವ ಮೇಷ್ಟ್ರು, ಬ್ಯಾಂಕಿನವರು, ನರ್ಸ್‌ಗಳು ಮೊದಲ ತಿಂಗಳಲ್ಲಿ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಊರು ಚಂದ ಐತ್ರಿ, ಆದ್ರ ಮನಸ್ಸು ನಿಲ್ಲವಲ್ದು." ವಿಜಯಪುರದ ಕಡೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು, ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ, ಇಲ್ಲಿ ಬಾಗಿಲು ತೆಗೆದರೆ ಎದುರಿಗೇ ಮರಗಳು. ತೋಟಕ್ಕೊಂದು ಒಂಟಿ ಮನೆ. ಸಂಜೆ ಹೊತ್ತು ನಾಲ್ಕು ಜನ ಕೂತು ಮಾತಾಡುವ ಕಟ್ಟೆ ಹತ್ತಿರದಲ್ಲಿ ಇರುವುದಿಲ್ಲ.

ಇದಕ್ಕೆ ನಾನು ಕಂಡ ಒಳ್ಳೆಯ ಮದ್ದು ನಡಿಗೆ. ಭಾನುವಾರ ಕಾರು ಹತ್ತಿ ಕುಂದಾದ್ರಿ, ಕವಲೇದುರ್ಗ ನೋಡಿ ಬರುವುದು ಪ್ರವಾಸ, ಅದರ ಮಾತಲ್ಲ. ಮನೆಯಿಂದ ಕಾಲ್ನಡಿಗೆಯಲ್ಲೇ ಹೊರಟು, ಒಂದೇ ದಾರಿಯಲ್ಲಿ, ದಿನವೂ ಮುಕ್ಕಾಲು ಗಂಟೆ ಅಡ್ಡಾಡಿ ಬರುವುದು. ಕುಪ್ಪಳಿಯಿಂದ ಓದಲು ಮೈಸೂರಿಗೆ ಹೋದ ಕುವೆಂಪು ಅಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯನ್ನು ನೆಚ್ಚಿಕೊಂಡ ಹಾಗೆ. ತೀರ್ಥಹಳ್ಳಿ ಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೊಸನಗರ, ಸಾಗರ, ಕೊಪ್ಪಕ್ಕೂ ಹೊಂದುತ್ತದೆ.

ಮೊದಲು ಆಕಾಶ ಕಾಣುವ ದಾರಿ

ಬಯಲಿನಲ್ಲಿ ಬೆಳೆದವರು ಶುರುವಿಗೇ ದಟ್ಟ ಕಾನಿನ ದಾರಿ ಹಿಡಿಯಬೇಡಿ. ಉಸಿರು ಕಟ್ಟಿದಂತಾಗಿ, ಹೊರಡುವಾಗ ಇದ್ದದ್ದಕ್ಕಿಂತ ಹೆಚ್ಚು ಬೇಸರದಲ್ಲಿ ಮನೆಗೆ ಮರಳುತ್ತೀರಿ. ಗದ್ದೆ ಬಯಲು, ಕೆರೆ ಏರಿ, ದನ ಮೇಯುವ ಬ್ಯಾಣ, ಇವು ಮೊದಲ ತಿಂಗಳಿಗೆ ಸರಿ. ಟಾರು ರಸ್ತೆಯೂ ಬೇಡ. ತಿರುವುಗಳಲ್ಲಿ ಬಸ್ಸು ಬಂದರೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಬೆಳಿಗ್ಗೆ ಹಾಲಿನ ಡೈರಿಗೆ ಬರುವವರನ್ನು ಕೇಳಿ: ಈ ದಾರಿ ಎಲ್ಲಿಗೆ ಹೋಗುತ್ತದೆ, ಕಾಡುಕೋಣವೋ ಆನೆಯೋ ಓಡಾಡುತ್ತವೆಯೇ, ಎಷ್ಟು ಹೊತ್ತಿನ ಮೇಲೆ ಹೋಗಬಾರದು. ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಯಲ್ಲೂ ಸಿಗದು. ಅರಣ್ಯ ಇಲಾಖೆಯ ಫಲಕವಿರುವ ಕಡೆ ಅನುಮತಿ ಇಲ್ಲದೆ ಒಳಹೋಗಬೇಡಿ.

ದಣಪೆ, ನಾಯಿ, ಮನೆಯವರು

ಇಲ್ಲಿಯ ಕಾಲುದಾರಿ ಎಷ್ಟೋ ಕಡೆ ಯಾರದೋ ಅಂಗಳದ ಪಕ್ಕದಲ್ಲೇ ಹಾಯುತ್ತದೆ. ಹೆಚ್ಚು ಗಮನ ಬೇಕಾದದ್ದು ಈ ಜಾಗದಲ್ಲಿ. ನಾಯಿ ಬೊಗಳಿತೆಂದು ಓಡಬೇಡಿ, ಕಲ್ಲು ಎತ್ತಬೇಡಿ. ನಿಂತಲ್ಲೇ ನಿಂತು "ಮನೇಲಿ ಯಾರಿದ್ದೀರಿ?" ಎಂದು ಕೂಗಿ. ಯಾರಾದರೂ ಜಗಲಿಗೆ ಬರುತ್ತಾರೆ. ಹೆಸರು, ಕೆಲಸ ಹೇಳಿ: "ಹೈಸ್ಕೂಲಿಗೆ ಹೊಸದಾಗಿ ಬಂದೀನ್ರಿ, ಈ ದಾರೀಲಿ ದಿನಾ ಅಡ್ಡಾಡಬಹುದಾ?" "ಅದಕ್ಕೇನಂತೆ ಮಾರಾಯ್ರೆ, ಬನ್ನಿ, ಆಸರಿಗೆ ಏನು ಬೇಕು?" ಎಂಬ ಉತ್ತರ ಬಂದರೆ ಒಂದು ಲೋಟ ಮಜ್ಜಿಗೆಯನ್ನಾದರೂ ಕುಡಿದು ಹೊರಡಿ. ಮರುದಿನದಿಂದ ನಾಯಿಯೂ ಸುಮ್ಮನಾಗುತ್ತಾ ಬರುತ್ತದೆ. ಒಂದು ವೇಳೆ ಕಚ್ಚಿದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಬೇಲಿಯ ನಡುವೆ ದಣಪೆ ಇರುತ್ತದೆ: ಎರಡು ಕಂಬ, ಅವುಗಳ ತೂತಿನಲ್ಲಿ ಅಡ್ಡಲಾಗಿ ತೂರಿಸಿದ ಬಿದಿರಿನ ಗಳಗಳು. ಮೇಲಿನ ಎರಡನ್ನು ಒಂದು ಬದಿಗೆ ಸರಿಸಿ, ಕೆಳಗಿನದನ್ನು ದಾಟಿ, ತಿರುಗಿ ನಿಂತು ಸರಿಸಿದ್ದನ್ನು ಮತ್ತೆ ತೂರಿಸಿ. ಇದನ್ನು ಮರೆತರೆ ದನ ನುಗ್ಗಿ ಒಂದೇ ರಾತ್ರಿಯಲ್ಲಿ ಅಡಿಕೆ ಸಸಿ, ಗದ್ದೆಯ ಪೈರು ಎಲ್ಲ ಹಾಳಾಗುತ್ತದೆ. ಬಿದ್ದ ಅಡಿಕೆ, ತೆಂಗಿನಕಾಯಿ ಮುಟ್ಟಬೇಡಿ. ಐಬೆಕ್ಸ್ ಬೇಲಿಯ ತಂತಿಗೂ ಕೈ ಹಚ್ಚಬೇಡಿ, ಅದರಲ್ಲಿ ಕರೆಂಟ್ ಇರುತ್ತದೆ.

ಕಾಲಕ್ಕೆ ತಕ್ಕ ಎಚ್ಚರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಂಬಳದ, ಅಂದರೆ ನೆಲದ ಜಿಗಣೆಯ ಕಾಟ. ಅಂಜಬೇಕಾಗಿಲ್ಲ. ಕಾಲಿಗೆ ಸುಣ್ಣ ಮತ್ತು ಹೊಗೆಸೊಪ್ಪಿನ ನೀರು ಸವರಿಕೊಳ್ಳುವುದು ಇಲ್ಲಿನವರ ರೂಢಿ. ಕಚ್ಚಿದ್ದರೆ ಎಳೆಯದೆ, ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕೆಳಗೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ, ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಹಳ್ಳ ತುಂಬಿರುವಾಗ ಮಾತ್ರ ಸಂಕ (ಕಾಲುಸೇತುವೆ) ದಾಟುವ ಸಾಹಸ ಬೇಡವೇ ಬೇಡ.

ನಿಜವಾಗಿ ಹುಷಾರಾಗಿರಬೇಕಾದದ್ದು ಮಳೆ ನಿಂತ ಮೇಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಕಡೆ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ (ಉಣ್ಣೆಗಳಿಂದ) ಹರಡುತ್ತದೆ; ಡಿಸೆಂಬರ್‌ನಿಂದ ಮೇವರೆಗೆ ಅದರ ಹಾವಳಿ ಹೆಚ್ಚು. ಆ ತಿಂಗಳುಗಳಲ್ಲಿ ಕಾಡಿನ ಅಂಚು, ತರಗೆಲೆ ರಾಶಿ ಬಿಟ್ಟು ಬಯಲಲ್ಲೇ ನಡೆಯಿರಿ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಕಾಡಿನ ಕಡೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಮನಸ್ಸು ನಿಲ್ಲುವುದು

ಮೊದಲ ವಾರ ಏನೂ ಆಗುವುದಿಲ್ಲ. ಮೌನ ಕಚ್ಚುತ್ತದೆ, ಬಿಟ್ಟುಬಂದ ಮನೆಯೇ ಕಣ್ಣ ಮುಂದೆ. ಆಗಲಿ. ದಾರಿಯಲ್ಲಿ ಒಂದು ಕಲ್ಲೋ ಕೆರೆ ಸೋಪಾನವೋ ಗೊತ್ತುಮಾಡಿಕೊಂಡು ಹತ್ತು ನಿಮಿಷ ಕೂರಿ, ಫೋನು ಜೇಬಿನಲ್ಲೇ ಇರಲಿ. ದಿನಕ್ಕೊಂದು ಹೆಸರು ಕಲಿಯಿರಿ: ಈ ಮರ ಮತ್ತಿ, ಅದು ನಂದಿ, ಬೀಸುವ ರೆಕ್ಕೆಯ ಸದ್ದು ಮಂಗಟ್ಟೆ ಹಕ್ಕಿಯದು. ಗೊತ್ತಿಲ್ಲದಿದ್ದರೆ ತೋಟದಲ್ಲಿ ಕೆಲಸ ಮಾಡುವವರನ್ನು ಕೇಳಿ, ಖುಷಿಯಿಂದ ಹೇಳುತ್ತಾರೆ. ಹೆಸರು ಗೊತ್ತಾದದ್ದು ಪರಕೀಯವಾಗಿ ಉಳಿಯುವುದಿಲ್ಲ. ಒಂದು ದಿನ ನೀವು ಬರದಿದ್ದರೆ "ನಿನ್ನೆ ಕಾಣ್ಲಿಲ್ಲ?" ಎಂದು ಯಾರಾದರೂ ಕೇಳುತ್ತಾರೆ. ನನ್ನ ಪ್ರಕಾರ ಊರಿಗೆ ಬಂದದ್ದು ಅಂದೇ.

ಎರಡು ವಾರ ಕಳೆದರೂ ನಿದ್ದೆ, ಊಟ ಸೇರದೆ ದುಃಖ ಕವಿದೇ ಇದ್ದರೆ ನಡಿಗೆಯೊಂದನ್ನೇ ನಂಬಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಲೆನಾಡಿನವರಲ್ಲೂ ಒಂದು ಕೋರಿಕೆ. ನಿಮ್ಮ ತೋಟದ ದಾರಿಯಲ್ಲಿ ಹೊಸ ಮುಖವೊಂದು ಕಂಡರೆ, ನಾಯಿಯನ್ನು ಹಿಡಿದುಕೊಂಡು, ಯಾವೂರು ಎಂದು ನೀವೇ ಮೊದಲು ಕೇಳಿ.